ಠೇವಣಿ ಬೇಡವೆಂದ ಬ್ಯಾಂಕು

ಠೇವಣಿ ಬೇಡ ಎಂದು ಜನರನ್ನು ಬಾಗಿಲಿನಿಂದಲೇ ಸಾಗಹಾಕುವ ಬ್ಯಾಂಕನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಅಲ್ಲಿ ಸಂಬಳಕ್ಕೂ ಇದ್ದೆ. ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ನೆಲೆ ನಿಂತ ಮನೆತನಗಳು ಸೇರಿ ಕಟ್ಟಿದ ಸಣ್ಣ ಸಹಕಾರಿ ಬ್ಯಾಂಕು ಅದು. ನಾಲ್ಕು ಶಾಖೆ, ಹನ್ನೊಂದು ನಿರ್ದೇಶಕರು. ಬ್ಯಾಂಕು ನಿಯಮ ಪಾಲಿಸುತ್ತಿದೆಯೇ ಎಂದು ನೋಡುವುದು, ಪಾಲಿಸುತ್ತಿದೆ ಎಂದು ಮುಂಬೈಯ ನಿಯಂತ್ರಕರಿಗೆ ಸಹಿ ಹಾಕಿ ಬರೆದುಕೊಡುವುದು ನನ್ನ ಕೆಲಸ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನಷ್ಟೇ ಮಾಡುವ ದಿನ ನಿರ್ದೇಶಕರ ಕಣ್ಣಿಗೆ ನಾನು ಭಾರೀ ಜಾಣೆ.

ಜನವರಿಯ ಸಭೆಯಲ್ಲಿ ನಮ್ಮ ಠೇವಣಿ ತೊಂಬತ್ತೇಳು ಕೋಟಿ ದಾಟಿದ ಲೆಕ್ಕ ಇಟ್ಟೆ. ಮೊದಲು ಚಪ್ಪಾಳೆ ಬಿತ್ತು. ಆಮೇಲೆ ನಾನು ಎರಡು ಪುಟದ ಟಿಪ್ಪಣಿ ಓದಿದೆ, ಚಪ್ಪಾಳೆ ನಿಂತಿತು. ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟೇ. ಪಟ್ಟಣದ ಸಹಕಾರಿ ಬ್ಯಾಂಕುಗಳನ್ನು ಠೇವಣಿಯ ಗಾತ್ರ ನೋಡಿ ನಾಲ್ಕು ಶ್ರೇಣಿಗಳಲ್ಲಿ ಇಟ್ಟಿದ್ದಾರೆ. ನೂರು ಕೋಟಿಯವರೆಗಿನದು ಒಂದನೇ ಶ್ರೇಣಿ, ಅಲ್ಲಿ ನಿಯಮ ಹಗುರ. ನೂರು ದಾಟಿದರೆ ಎರಡನೆಯದು. ಸುಮಾರಾಗಿ ಹೇಳುವುದಾದರೆ, ಅಲ್ಲಿ ಪ್ರತಿ ನೂರು ರೂಪಾಯಿ ಸಾಲದ ಹಿಂದೆ ಬ್ಯಾಂಕಿನ ಸ್ವಂತ ಬಂಡವಾಳ ಒಂಬತ್ತರ ಬದಲು ಹನ್ನೆರಡು ರೂಪಾಯಿ ಇರಬೇಕು. ಮಾರ್ಚ್ ಮೂವತ್ತೊಂದರ ಠೇವಣಿ ಎಷ್ಟೋ ಅದರ ಮೇಲೆ ಶ್ರೇಣಿಯ ನಿರ್ಧಾರ. ದಾಟಿದವರ ಕುತ್ತಿಗೆಯನ್ನು ಮರುದಿನವೇ ಯಾರೂ ಹಿಡಿಯುವುದಿಲ್ಲ. ಹೊಸ ನಿಯಮಕ್ಕೆ ಹೊಂದಿಕೊಳ್ಳಲು ಮೂರು ವರ್ಷದವರೆಗೆ ಸಮಯ ಸಿಗುತ್ತದೆ. ನಮ್ಮ ಬಂಡವಾಳ ಆಗಲೇ ಹನ್ನೊಂದರ ಹತ್ತಿರ ಇತ್ತು. ನಡೆದುಕೊಂಡು ಹೋದರೂ ಮುಟ್ಟಬಹುದಾದ ದೂರ.

ನಿರ್ದೇಶಕರು ಹೆದರಿದ್ದು ಬಂಡವಾಳಕ್ಕಲ್ಲ. ನೂರು ಕೋಟಿಯ ಬ್ಯಾಂಕಿಗೆ ನಿರ್ದೇಶಕ ಮಂಡಳಿಯ ಜೊತೆ ಇನ್ನೊಂದು ಆಡಳಿತ ಮಂಡಳಿ ಬೇಕು. ಬ್ಯಾಂಕಿಂಗ್, ಕಾನೂನು, ಲೆಕ್ಕಪತ್ರ ಬಲ್ಲವರು ಅದರಲ್ಲಿ ಕೂತು ಸಾಲದ ಫೈಲು ನೋಡುತ್ತಾರೆ.

"ಹೊರಗಿನವ್ರು ಬಂದು ನಮ್ಮ ಫೈಲ್ ತಗದು ನೋಡ್ತಾರೇನ್ರಿ?" ಎಂದು ಕೇಳಿದವರು ಕಟ್ಟಡ ಕಟ್ಟಿಸುವ ನಿರ್ದೇಶಕರು. ಅವರ ಹೆಂಡತಿಯ ತಮ್ಮನ ಸಾಲ ಯಾವ ಫೈಲಿನಲ್ಲಿದೆ, ಆ ಫೈಲು ಯಾವ ಕಪಾಟಿನಲ್ಲಿದೆ ಎಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನೋಡ್ತಾರ್ರೀ," ಎಂದೆ.

ಅವರು ಟಿಪ್ಪಣಿಯನ್ನು ತಿರುವಿಹಾಕಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಒಂದೇ ಶಾಖೆಯ ಬ್ಯಾಂಕಾದರೆ ಠೇವಣಿ ಎಷ್ಟಿದ್ದರೂ ಒಂದನೇ ಶ್ರೇಣಿಯಲ್ಲೇ ಉಳಿಯುತ್ತದೆ ಎಂಬ ಸಾಲು. "ಹಂಗಾದ್ರ ಮೂರು ಶಾಖಾ ಮುಚ್ಚಿಬಿಡೂಣ್ರಿ. ಬಾಡಿಗಿನೂ ಉಳೀತದ."

ನಾನು ನಗೆಚಾಟಿಕೆ ಎಂದುಕೊಂಡೆ. ಇಬ್ಬರು ತಲೆಯಾಡಿಸಿದರು, ಒಬ್ಬರು ಅನುಮೋದಿಸಲು ಕೈಯನ್ನೂ ಎತ್ತಿದರು. ಮೂವತ್ತು ವರ್ಷದಲ್ಲಿ ಕಟ್ಟಿದ್ದನ್ನು ಚಹಾ ತಣ್ಣಗಾಗುವುದರೊಳಗೆ ಮುಚ್ಚಲು ತಯಾರಾದ ಆ ಮುಖಗಳನ್ನು ನೋಡಿ ನನಗೆ ಅಸಹ್ಯವಾಯಿತು. ಅಧ್ಯಕ್ಷರು ಕೆಮ್ಮಿ, "ಶಾಖಾ ಮುಚ್ಚೂದು ಬ್ಯಾಡ, ಮಂದಿ ಏನಂತಾರ. ಠೇವಣಿ ನೂರರ ಒಳಗ ಇಟ್ರ ಆತು," ಎಂದರು. ಅದೇ ಠರಾವಾಯಿತು. ಬರೆದಿಡುವಷ್ಟು ದಡ್ಡರಲ್ಲದ ಕಾರಣ ನಡಾವಳಿ ಪುಸ್ತಕದಲ್ಲಿ ಮಾತ್ರ ಸೇರಲಿಲ್ಲ.

ಫೆಬ್ರವರಿಯಲ್ಲಿ ನಮ್ಮ ಬ್ಯಾಂಕು ಒಂದು ಹೊಸ ವಿದ್ಯೆ ಕಲಿಯಿತು. ಠೇವಣಿ ಇಡಲು ಬಂದವರ ಪ್ಯಾನ್ ಕಾರ್ಡಿನ ಫೋಟೋ ಮಸುಕಾಗಿ ಕಾಣತೊಡಗಿತು. ಸಹಿ ಹೊಂದುತ್ತಿರಲಿಲ್ಲ. ಅರ್ಜಿ ಫಾರಂ ಮುಗಿದಿರುತ್ತಿತ್ತು. ಚಾಕಣದಲ್ಲಿ ಮೋಟಾರಿನ ಬಿಡಿಭಾಗ ಮಾಡುವ ಒಬ್ಬ ಕಾರ್ಖಾನೆದಾರ ಎಂಬತ್ತು ಲಕ್ಷದ ಚೆಕ್ಕು ಹಿಡಿದುಕೊಂಡು ಎರಡು ಸಲ ಬಂದು, ಎರಡು ಸಲವೂ ಸರ್ವರ್ ಇಲ್ಲ ಎನಿಸಿಕೊಂಡು ಹೋದ. ನಮ್ಮ ಅಕೌಂಟಂಟು ತಲೆ ನರೆತ ಮರಾಠಿ ಮನುಷ್ಯ, ಬ್ಯಾಂಕು ಹುಟ್ಟಿದಾಗಿನಿಂದ ಇದ್ದವನು. ಅವನು ನನ್ನ ಮೇಜಿನ ಹತ್ತಿರ ಬಂದು, "ಮ್ಯಾಡಮ್, ಲೋಕಾಂನಾ ಕಾಯ್ ಸಾಂಗೂ?" ಎಂದು ಕೇಳಿದ. ಜನರಿಗೆ ಏನು ಹೇಳಲಿ ಎಂದದ್ದಕ್ಕೆ ಅಧ್ಯಕ್ಷರನ್ನು ಕೇಳು ಎಂದೆ. ಹಾಗೆ ಹೇಳಿದ್ದಕ್ಕೆ ಈಗ ನನ್ನ ಮೇಲೂ ತಿರಸ್ಕಾರ ಇದೆ.

ಇಷ್ಟೆಲ್ಲ ಮಾಡಿದರೂ ಮಾರ್ಚ್ ಇಪ್ಪತ್ತಾರರ ಸಂಜೆಗೆ ಠೇವಣಿ ತೊಂಬತ್ತೊಂಬತ್ತು ಕೋಟಿ ಎಪ್ಪತ್ತು ಲಕ್ಷಕ್ಕೆ ಬಂದು ನಿಂತಿತ್ತು. ಅಧ್ಯಕ್ಷರು ತಮ್ಮ ಕೋಣೆಗೆ ಕರೆದು ಏಳು ಹೆಸರಿನ ಪಟ್ಟಿ ಕೊಟ್ಟರು. ಏಳು ಜನರದು ಸೇರಿ ತೊಂಬತ್ತು ಲಕ್ಷ. ಅವರ ಎಫ್‌ಡಿ ಮುರಿದು, ಉಪಾಧ್ಯಕ್ಷರ ಭಾವ ನಡೆಸುವ ಒಂದು ಪತ್ತಿನ ಸಂಘಕ್ಕೆ ಕಳಿಸಬೇಕು. ಏಪ್ರಿಲ್ ಎರಡಕ್ಕೆ ವಾಪಸು ತರಿಸಬೇಕು.

"ನಾಕ್ ದಿನದ ಮಾತ್ರಿ ಮೇಡಮ್ಮಾರ. ದಂಡ ಹಿಡೀಬ್ಯಾಡ್ರಿ, ಬಡ್ಡಿ ಪೂರಾ ಕೊಡ್ರಿ. ಅವರಿಗೆಲ್ಲಾ ನಾನೇ ಫೋನ್ ಮಾಡೇನಿ, ಒಪ್ಪ್ಯಾರ."

ಪಟ್ಟಿಯಲ್ಲಿದ್ದವರೆಲ್ಲ ನಮ್ಮ ಕಡೆಯ ವಯಸ್ಸಾದ ಮಂದಿ. ಊರಿನ ಹೆಸರು ಹೇಳಿದರೆ ಕಾಗದ ಓದದೆ ಸಹಿ ಹಾಕುವವರು. ನಾಲ್ಕನೆಯ ಹೆಸರು, ಮರಾಠಿಯಲ್ಲಿ ಚಿಕ್ಕಮ್ಮ ಎಂಬರ್ಥದಲ್ಲಿ ಎಲ್ಲರೂ ಕರೆಯುವ ಮೌಶಿಯದು. ಬೈಲಹೊಂಗಲ ಕಡೆಯ ಈ ಹೆಂಗಸು ನಾರಾಯಣ ಪೇಟೆಯ ಹಳೆಯ ವಾಡೆಯೊಂದರ ಕೆಳ ಅಂತಸ್ತಿನಲ್ಲಿ ಬಾಡಿಗೆಗಿದ್ದು ವರ್ಷಾನುಗಟ್ಟಲೆ ಖಾನಾವಳಿ ನಡೆಸಿದವಳು. ಪುಣೆಗೆ ಓದಲು, ದುಡಿಯಲು ಬಂದ ಎಷ್ಟೋ ಕನ್ನಡದ ಹುಡುಗರು ಅವಳ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ ತಿಂದೇ ಮನುಷ್ಯರಾದರು. ಅಧ್ಯಕ್ಷರೂ ಅವರಲ್ಲಿ ಒಬ್ಬರು. ಆಗ ಅವರು ಲಾರಿ ಕಚೇರಿಯೊಂದರಲ್ಲಿ ಕಾರಕೂನ, ಈಗ ಇಪ್ಪತ್ತು ಲಾರಿಗಳ ಮಾಲೀಕ.

ಮೌಶಿಯ ಹದಿನೆಂಟು ಲಕ್ಷ ಯಾಕೆ ಇತ್ತು ಎಂಬುದೂ ನನಗೆ ಗೊತ್ತಿತ್ತು. ವಾಡೆ ಕೆಡವಿ ಎತ್ತರದ ಕಟ್ಟಡ ಕಟ್ಟುತ್ತಾರೆ, ಏಪ್ರಿಲ್ ಮುಗಿಯುವುದರೊಳಗೆ ಖಾಲಿ ಮಾಡಬೇಕು. ಅವಳು ಧಾಯರಿಯ ಕಡೆ ಒಂದು ಕೋಣೆ ಮತ್ತು ಅಡುಗೆಮನೆಯ ಹಳೆಯ ಫ್ಲ್ಯಾಟು ನೋಡಿ ಎರಡು ಲಕ್ಷ ಮುಂಗಡ ಕೊಟ್ಟಿದ್ದಳು. ಏಪ್ರಿಲ್ ನಾಲ್ಕಕ್ಕೆ ನೋಂದಣಿ. ಅವತ್ತು ಉಳಿದ ಹಣದ ಡಿಡಿ ಕೈಯಲ್ಲಿಲ್ಲದಿದ್ದರೆ ಮುಂಗಡವೂ ಹೋಯಿತು, ಮನೆಯೂ ಹೋಯಿತು.

ಇದೆಲ್ಲ ಗೊತ್ತಿದ್ದೂ ನಾನು ಇಪ್ಪತ್ತೇಳನೇ ತಾರೀಖು ಏಳೂ ಅರ್ಜಿಗಳಿಗೆ ಸಹಿ ಹಾಕಿದೆ. ಠೇವಣಿದಾರರ ಸಹಿ ಇದೆ, ಅವಧಿಗೆ ಮೊದಲು ಹಣ ತೆಗೆಯುವ ಹಕ್ಕು ಅವರದು, ಕಾಗದ ಸರಿ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾಗದ ಸರಿ ಇದೆ ಎನ್ನುವುದು ನಮ್ಮ ವೃತ್ತಿಯಲ್ಲಿ ಹೇಡಿಗಳು ಆಡುವ ಮಾತು. ಹಣ ಮಧ್ಯಾಹ್ನಕ್ಕೆಲ್ಲ ಹೋಗಿಬಿಟ್ಟಿತು.

ಮರುದಿನ ಮೌಶಿ ಬಂದಳು. ಅನುಮಾನ ಪಟ್ಟು ಬಂದದ್ದಲ್ಲ, ಡಿಡಿಗೆ ಯಾವತ್ತು ಬರಲಿ ಎಂದು ಕೇಳಲು. ಬಟ್ಟೆಯ ಚೀಲದಿಂದ ಪತ್ತಿನ ಸಂಘದ ರಸೀದಿ ತೆಗೆದು ನನ್ನ ಮುಂದಿಟ್ಟಳು.

"ಇದನ್ನ ನಿಮ್ಮ ಕಪಾಟಿನ್ಯಾಗ ಇಟಗೋರಿ ಬಾಯಾರ. ಮನ್ಯಾಗ ಎಲ್ಲಾ ಗಂಟು ಕಟ್ಟಾಕ್ಹತ್ತೇನಿ, ಎಲ್ಲ್ಯರ ಕಳದೀತು."

ನಾನು ಮರಾಠಿಯಲ್ಲಿದ್ದ ರಸೀದಿ ಓದಿದೆ. ಅವಧಿ ಹದಿಮೂರು ತಿಂಗಳು. ಅದಕ್ಕೆ ಮೊದಲು ಹಣ ಬೇಕಾದರೆ ಸಂಘದ ಸಂಚಾಲಕರ ಮರ್ಜಿ. ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗಾದರೂ ವಿಮೆ ಇರುತ್ತದೆ, ಪತ್ತಿನ ಸಂಘದ ಠೇವಣಿಗೆ ಅದೂ ಇಲ್ಲ. ಸಂಘದ ಮ್ಯಾನೇಜರಿಗೆ ಫೋನು ಹಚ್ಚಿ, ಎರಡನೇ ತಾರೀಖಿಗೆ ಹಣ ಬರುತ್ತದೆಯೇ ಎಂದು ಮರಾಠಿಯಲ್ಲೇ ಕೇಳಿದೆ. ಆತ ಮುಚ್ಚುಮರೆ ಇಲ್ಲದ ಮನುಷ್ಯ. ಅವರ ಠೇವಣಿ ಈ ವರ್ಷ ಕುಸಿದಿದೆ, ಮಾರ್ಚ್ ಮೂವತ್ತೊಂದರ ಜಮಾಖರ್ಚಿನ ತಖ್ತೆಯಲ್ಲಿ ತುಂಬಿದ ಹಾಗೆ ತೋರಿಸಬೇಕು, ಅದಕ್ಕೇ ನಮ್ಮ ಹಣ ತೆಗೆದುಕೊಂಡದ್ದು ಎಂದ. ವಾಪಸು ಯಾವಾಗ ಎಂದರೆ, "ಬಘೂ, ಮೇ ಮಧ್ಯೇ ಬಘೂ."

ಮೇ ತಿಂಗಳಲ್ಲಿ ನೋಡೋಣವಂತೆ. ನಮ್ಮವರಿಗೆ ಆ ದಿನ ಹಣ ಮುಚ್ಚಿಡಬೇಕು, ಅವರಿಗೆ ಅದೇ ದಿನ ಅದೇ ಹಣ ತೆರೆದು ತೋರಿಸಬೇಕು. ಭಾವ, ಭಾವಮೈದುನ ಕೂಡಿ ಮಾಡಿದ ಈ ಏರ್ಪಾಡಿನ ನಡುವೆ ಒಬ್ಬ ಮುದುಕಿಯ ಮನೆ.

ನಾನು ಒಂದು ಹಾಳೆಯ ಮೇಲೆ, ನನ್ನ ಹಣ ಕೂಡಲೇ ವಾಪಸು ಕೊಡಿ ಎಂದು ಅರ್ಜಿ ಬರೆದು ಮೌಶಿಯ ಮುಂದಿಟ್ಟೆ. ಅವಳು ಪೆನ್ನು ಮುಟ್ಟಲಿಲ್ಲ.

"ಯಾಕ್ರಿ? ಅಧ್ಯಕ್ಷರು ನಾಕ್ ದಿನ ಅಂದಾರಲ್ಲ."

"ಮೌಶಿ, ರಸೀದ್ಯಾಗ ಹದಿಮೂರು ತಿಂಗಳು ಅಂತ ಅದರಿ."

"ರಸೀದ್ಯಾಗ ಏನರ ಇರವಲ್ದ್ಯಾಕ. ಅಂವ ನನ್ನ ಕೈಯಾಗಿನ ಊಟ ಉಂಡ ಹುಡುಗ. ನಿಮಗ ಅವನ ಮ್ಯಾಲ ನಂಬಿಗಿ ಇಲ್ಲೇನು?"

ಇಲ್ಲ ಎಂದು ಬಾಯಿ ಬಿಟ್ಟು ಹೇಳಿದೆ. ಅವಳಿಗೆ ಬೇಜಾರಾಯಿತು. ಸಾಹೇಬರ ಹಿಂದೆ ಇಂಥ ಮಾತು ಆಡಬಾರದು ಎಂದು ನನಗೇ ಬುದ್ಧಿ ಹೇಳಿ, ಕೊನೆಗೆ ನನ್ನ ಪೀಡೆ ತಾಳದೆ ಸಹಿ ಹಾಕಿದಳು. ಉಳಿದ ಆರು ಜನರ ಮನೆಗೆ ನಾನೇ ರಿಕ್ಷಾ ಹಿಡಿದು ಹೋದೆ. ಆರರಲ್ಲಿ ಆರೂ ಜನ ಅದನ್ನೇ ಕೇಳಿದರು, ಆಮೇಲೆ ಸಹಿ ಹಾಕಿದರು.

ಸಂಜೆ ಅಕೌಂಟಂಟು ವರ್ಷಾಂತ್ಯದ ಕೆಲಸಗಳ ಪಟ್ಟಿ ತಂದು, ತ್ರೈಮಾಸಿಕ ಬಡ್ಡಿಯನ್ನು ಮೂವತ್ತೊಂದರಂದು ಎಷ್ಟು ಗಂಟೆಗೆ ಹಾಕಲಿ ಎಂದು ಕೇಳಿದ. ಅವನು ಕೇಳಿದ್ದು ಸಮಯವನ್ನಷ್ಟೇ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮಾರ್ಚ್ ಕೊನೆಯ ದಿನ ಉಳಿತಾಯ ಖಾತೆಗಳಿಗೂ, ಬಡ್ಡಿ ಕೂಡಿಸುತ್ತ ಹೋಗುವ ಠೇವಣಿಗಳಿಗೂ ಮೂರು ತಿಂಗಳ ಬಡ್ಡಿ ಜಮೆಯಾಗುತ್ತದೆ. ಜಮೆಯಾದ ಬಡ್ಡಿಯೂ ಠೇವಣಿಯೇ. ಲೆಕ್ಕ ಹಾಕಿಸಿದೆ. ಒಂದು ಕೋಟಿ ಮೂವತ್ತು ಲಕ್ಷ. ಏಳು ಜನರ ತೊಂಬತ್ತು ಲಕ್ಷ ಹೊರಗಿಟ್ಟರೂ ನೂರು ಕೋಟಿ ಹತ್ತು ಲಕ್ಷ.

ಎರಡು ತಿಂಗಳು ಬಾಗಿಲಲ್ಲಿ ನಿಂತು ಊರವರ ಹಣ ತಡೆದವರು ತಮ್ಮದೇ ಬ್ಯಾಂಕು ಕೊಡುವ ಬಡ್ಡಿಯನ್ನು ಮರೆತಿದ್ದರು. ಹನ್ನೊಂದು ನಿರ್ದೇಶಕರು ಮರೆತಿದ್ದರು. ಬಡ್ಡಿಯ ಲೆಕ್ಕದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ನಾನೂ ಮರೆತಿದ್ದೆ. ಅವರು ತಿರುಗುವ ಕುರ್ಚಿಗಾಗಿ ಬಂದವರು, ಅವರಿಗೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ನನಗೆ ತಿಳಿಯದ್ದಕ್ಕೆ ಕ್ಷಮೆ ಇಲ್ಲ.

ಮೂವತ್ತರಂದು ಅಧ್ಯಕ್ಷರ ಕೋಣೆಗೆ ಹೋಗಿ ಲೆಕ್ಕ ಮುಂದಿಟ್ಟೆ. ಉಪಾಧ್ಯಕ್ಷರು, ಕಟ್ಟಡದ ನಿರ್ದೇಶಕರು ಇಬ್ಬರೂ ಅಲ್ಲೇ ಇದ್ದರು. ಮೂವರೂ ಹಾಳೆಯ ಮೇಲೆ ಬಾಗಿದರು. ಆಮೇಲೆ ಅಧ್ಯಕ್ಷರ ಮುಖ ಅರಳಿತು.

"ಅಷ್ಟೇ ಅಲ್ರಿ? ಬಡ್ಡಿ ಎರಡನೇ ತಾರೀಖಿಗೆ ಹಾಕ್ರಿ. ಎರಡ್ ದಿನ ತಡಾ ಆದ್ರ ಯಾರ್ ಕೇಳ್ತಾರ?"

"ಅದು ಸುಳ್ಳು ಲೆಕ್ಕ ಆಗ್ತದರಿ. ನಾ ಹಾಕಂಗಿಲ್ಲ."

"ನೀವು ಭಾಳ ಪುಸ್ತಕ ಓದ್ತೀರಿ, ಅದಾ ತ್ರಾಸು," ಎಂದರು ಕಟ್ಟಡದವರು. "ಬ್ಯಾಂಕು ನಡಸೂದಂದ್ರ ಹೊಂದಾಣಿಕಿ."

ನಾನು ಚೀಲದಿಂದ ಮೂರು ಕಾಗದ ತೆಗೆದೆ. ಒಂದು, ಏಳು ಜನರ ಹಣ ಎಲ್ಲಿಗೆ, ಯಾಕೆ ಹೋಯಿತು ಎಂದು ನಿಯಂತ್ರಕರಿಗೆ ಬರೆದ ಪತ್ರ, ಏಳು ಅರ್ಜಿಗಳ ನಕಲಿನ ಜೊತೆ. ಎರಡು, ಅದರದೇ ಪ್ರತಿ, ಪತ್ತಿನ ಸಂಘದ ಮೇಲೆ ಕಣ್ಣಿಡುವ ಸಹಕಾರ ಇಲಾಖೆಗೆ. ಮೂರು, ನನ್ನ ರಾಜೀನಾಮೆ. ನಾಳೆ ಮಧ್ಯಾಹ್ನ ನಾಲ್ಕರೊಳಗೆ ಏಳೂ ಜನರ ಹಣ ಅವರವರ ಖಾತೆಗೆ ವಾಪಸು ಬರದಿದ್ದರೆ ಮೂರೂ ಹೋಗುತ್ತವೆ ಎಂದೆ. ಬಡ್ಡಿಯಿಂದಲೇ ನೂರು ದಾಟುತ್ತದೆ ಎಂದ ಮೇಲೆ ಆ ಹಣ ಹೊರಗಿಟ್ಟು ಪ್ರಯೋಜನವೂ ಇಲ್ಲ ಎಂದೂ ಹೇಳಿದೆ.

ಅಧ್ಯಕ್ಷರು ಪತ್ರವನ್ನು ಎರಡು ಸಲ ಓದಿದರು. "ಮೇಡಮ್ಮಾರ, ನಮ್ಮವ್ರಾಗಿ ನೀವಾ ಹಿಂಗ ಮಾಡಿದ್ರ ಹ್ಯಾಂಗ್ರಿ?"

ನಮ್ಮವರು ಎಂಬ ಮಾತನ್ನು ಈ ಮಂದಿ ಬಳಸುವ ರೀತಿಗೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಮುದುಕಿಯ ಹಣ ತೆಗೆಯುವಾಗಲೂ ಅವರು ಆಡಿದ್ದು ಅದೇ ಮಾತು. "ಮೌಶಿನೂ ನಮ್ಮವರಾ ಅಲ್ಲೇನ್ರಿ?" ಎಂದೆ.

ಉಪಾಧ್ಯಕ್ಷರು ಭಾವನಿಗೆ ಫೋನು ಮಾಡಿದರು. ಮೊದಲು ನಗುತ್ತ, ಆಮೇಲೆ ಮರಾಠಿಯಲ್ಲಿ, ಆಮೇಲೆ ಬೈಗುಳದಲ್ಲಿ. ಭಾವನದು ಒಂದೇ ಹಟ. ಏಪ್ರಿಲ್ ಬರಲಿ, ತಖ್ತೆ ಮುಗಿಯಲಿ. ನಾನು ಎರಡನೆಯ ಪತ್ರವನ್ನು ಉಪಾಧ್ಯಕ್ಷರ ಮುಂದೆ ಸರಿಸಿದೆ. ಅವರು ಅದರ ಮೊದಲ ಪ್ಯಾರಾವನ್ನು ಫೋನಿನಲ್ಲಿ ಓದಿ ಹೇಳಿದರು. ಭಾವ ನಾಳೆ ನೋಡುತ್ತೇನೆ ಎಂದು ಫೋನು ಇಟ್ಟ.

ಮೂವತ್ತೊಂದರಂದು ನಾಲ್ಕು ಹೊಡೆದರೂ ಹಣ ಬರಲಿಲ್ಲ. ನಾಲ್ಕೂಕಾಲಿಗೂ ಇಲ್ಲ. ನಾನು ಪತ್ರಗಳನ್ನು ಲಕೋಟೆಗೆ ಹಾಕಿ ಅಂಟು ಹಚ್ಚಿದೆ. ನಾಲ್ಕೂ ಇಪ್ಪತ್ತಕ್ಕೆ ಅಕೌಂಟಂಟು ತನ್ನ ಪರದೆ ತೋರಿಸಿ, "ಆಲೇ," ಎಂದ. ಬಂದವು. ಒಂದರ ಹಿಂದೆ ಒಂದು ಏಳು ಆರ್‌ಟಿಜಿಎಸ್. ಮೂರು ಜನ ನಿರ್ದೇಶಕರು ಅವನ ಬೆನ್ನ ಹಿಂದೆ ನಿಂತಿದ್ದರು. ಶಟರ್ ಎಳೆಯಬಹುದು, ಸರ್ವರ್ ಇಲ್ಲ ಎನ್ನಬಹುದು, ಬಂದ ಆರ್‌ಟಿಜಿಎಸ್ಸನ್ನು ಮಾತ್ರ ಬಾಗಿಲಿನಿಂದ ಓಡಿಸಲು ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಬಡ್ಡಿ ಹಾಕಿಸಿದೆ. ನೂರಾ ಒಂದು ಕೋಟಿ. ಅದನ್ನೇ ಬರೆದು ಸಹಿ ಹಾಕಿದೆ.

ಒಂದನೇ ತಾರೀಖು ಲೆಕ್ಕ ಮುಗಿಸುವ ರಜೆ. ಎರಡನೇ ತಾರೀಖು ಬೆಳಿಗ್ಗೆ ಬಂದರೆ ಬ್ಯಾಂಕಿನ ಬಾಗಿಲ ಮೇಲೆ ಹತ್ತು ಅಡಿಯ ಫ್ಲೆಕ್ಸು. ನೂರು ಕೋಟಿ ಠೇವಣಿ ದಾಟಿದ ಹೆಮ್ಮೆಯ ಕ್ಷಣ, ಠೇವಣಿದಾರರ ವಿಶ್ವಾಸಕ್ಕೆ ಕೋಟಿ ನಮನ ಎಂದು ಕನ್ನಡ, ಮರಾಠಿ ಎರಡರಲ್ಲೂ ಬರೆಸಿದ್ದರು. ನಡುವೆ ಅಧ್ಯಕ್ಷರು ಕೈ ಮುಗಿದು ನಿಂತ ಚಿತ್ರ, ಸುತ್ತ ಹತ್ತು ನಿರ್ದೇಶಕರ ದುಂಡು ದುಂಡು ಮುಖ. ಎರಡು ತಿಂಗಳು ಯಾವುದಕ್ಕೆ ಹೆದರಿ ಓಡಾಡಿದ್ದರೋ ಅದನ್ನೇ ಈಗ ಹೆಗಲಿಗೆ ಹಾಕಿಕೊಂಡು ಮೆರೆಯುತ್ತಿದ್ದರು. ನಾಚಿಕೆ ಎಂಬುದಕ್ಕೂ ಒಂದು ಕನಿಷ್ಠ ಪ್ರಮಾಣ ಗೊತ್ತುಮಾಡಿದ್ದರೆ ಇವರಲ್ಲಿ ಒಬ್ಬರೂ ಪಾಸಾಗುತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಮೌಶಿ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. ನನ್ನ ಮೇಜು ದಾಟಿಕೊಂಡು ನೇರ ಅಧ್ಯಕ್ಷರ ಕೋಣೆಗೆ ಹೋದಳು. ಅವಳ ಡಿಡಿ ಹಿಡಿದು ನಾನೂ ಹಿಂದೆಯೇ ಹೋದೆ. ಅವಳು ಡಬ್ಬಿ ತೆರೆದು ಮೇಜಿನ ಮೇಲಿಟ್ಟಳು. ಶೇಂಗಾ ಹೋಳಿಗೆ.

"ನಾಕ್ ದಿನ ಅಂದಿದ್ರಿ, ನಾಕಾ ದಿನದಾಗ ತರಿಸಿಕೊಟ್ರಿ. ಪುಣ್ಯಾ ಬರ್ಲಿ ನಿಮಗ. ನನ್ನ ಮನಿ ಉಳೀತು." ಆಮೇಲೆ ನನ್ನ ಕಡೆ ತಿರುಗಿ, ಮಗಳನ್ನು ಗದರುವ ಹಾಗೆ, "ಈ ಬಾಯಾರಿಗೆ ಮಾತ್ರ ನಿಮ್ಮ ಮ್ಯಾಲ ನಂಬಿಗಿ ಇರಲಿಲ್ರಿ. ನನ್ನ ಕಡಿಂದ ಏನೇನೋ ಬರಸಿಕೊಂಡ್ರು," ಎಂದಳು.

ಅಧ್ಯಕ್ಷರು ನನ್ನ ಮುಖ ನೋಡಿದರು. ಒಂದು ಗಳಿಗೆ, ನಿಜ ಹೇಳಿಯಾರು ಎಂದು ನನಗೆ ಅನಿಸಿತು. ಅವರು ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡರು.

"ಅವ್ರ ಕೆಲಸಾನ ಹಂಗ್ರಿ ಮೌಶಿ, ಸಂಶೇ ಪಡೂದು. ನೀವು ಮನಸಿಗೆ ಹಚ್ಗೋಬ್ಯಾಡ್ರಿ."

ಮೌಶಿ ಹೌದೆಂದು ತಲೆಯಾಡಿಸಿದಳು. ಹೇಳಬೇಕೆಂದರೆ ಎಲ್ಲವನ್ನೂ ಹೇಳಬಹುದಿತ್ತು. ಲಕೋಟೆ ಇನ್ನೂ ನನ್ನ ಚೀಲದಲ್ಲೇ ಇತ್ತು. ಆದರೆ ನೋಂದಣಿಗೆ ಎರಡು ದಿನ ಉಳಿದಿತ್ತು, ಅವಳು ರಿಕ್ಷಾ ನಿಲ್ಲಿಸಿ ಬಂದಿದ್ದಳು. ನಾನು ಡಿಡಿಯಲ್ಲಿ ಮನೆ ಮಾರುವವನ ಹೆಸರನ್ನೂ ಮೊತ್ತವನ್ನೂ ಇನ್ನೊಮ್ಮೆ ತಾಳೆ ನೋಡಿ, ಸಹಿ ಹಾಕಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಮಡಚಿ ಚೀಲದ ತಳಕ್ಕೆ ಇಟ್ಟುಕೊಂಡು, ಅಧ್ಯಕ್ಷರಿಗೆ ಕೈ ಮುಗಿದು, ನನಗೊಂದು ಹೋಳಿಗೆ ಕೊಟ್ಟು ಹೊರಟಳು.